ರೇಷ್ಮೆಯ ಮೇಲೆ ಎಣ್ಣೆಬಣ್ಣ: ಅಮೆರಿಕದ ಊರಪಡೆಗಳ ಹಳೆಯ ಬಾವುಟಗಳು

ಬಾಸ್ಟನ್ ನಗರದ ವಾಯವ್ಯಕ್ಕೆ, ಕಾರಿನಲ್ಲಿ ಅರ್ಧ ಮುಕ್ಕಾಲು ಗಂಟೆ ದೂರದಲ್ಲಿ, ಬೆಡ್‌ಫರ್ಡ್ ಎಂಬ ಊರಿದೆ. ಅಲ್ಲಿಯ ಸಾರ್ವಜನಿಕ ಗ್ರಂಥಾಲಯದಲ್ಲಿ ಒಂದು ಪುಟ್ಟ ಬಾವುಟವನ್ನು ಜೋಪಾನ ಮಾಡಿದ್ದಾರೆ. ಒಂದು ಕಡೆ ಸುಮಾರು 27 ಇಂಚು, ಇನ್ನೊಂದು ಕಡೆ 29 ಇಂಚು. ಕಡುಗೆಂಪು ದಮಾಸ್ಕ್ ರೇಷ್ಮೆ, ಅಂದರೆ ಮಗ್ಗದಲ್ಲೇ ಹೂಬಳ್ಳಿ ಮೂಡುವಂತೆ ನೇಯ್ದ ಬಟ್ಟೆ. ಅದರ ಮೇಲೆ ಎಣ್ಣೆಬಣ್ಣದ ಚಿತ್ರ: ಮೋಡದೊಳಗಿಂದ ಹೊರಚಾಚಿದ, ಉಕ್ಕಿನ ಕವಚ ತೊಟ್ಟ ಒಂದು ತೋಳು, ಮುಷ್ಟಿಯಲ್ಲಿ ಎತ್ತಿ ಹಿಡಿದ ಕತ್ತಿ, ಆಚೀಚೆ ಬೆಳ್ಳಿಬಣ್ಣದ ಫಿರಂಗಿ ಗುಂಡುಗಳು. ಸುತ್ತಿಕೊಂಡ ಪಟ್ಟಿಯ ಮೇಲೆ ಲ್ಯಾಟಿನ್ ಬರಹ: ವಿನ್ಸೆ ಔಟ್ ಮೊರಿರೆ. ಗೆಲ್ಲು, ಇಲ್ಲವೇ ಸಾಯಿ.

1775ರ ಏಪ್ರಿಲ್ 19ರಂದು, ಅಮೆರಿಕದ ಸ್ವಾತಂತ್ರ್ಯ ಯುದ್ಧ ಶುರುವಾದ ದಿನ, ಬ್ರಿಟಿಷ್ ದಂಡು ಪಕ್ಕದ ಕಾಂಕರ್ಡ್ ಊರಿನ ಕಡೆಗೆ ಹೊರಟಿದೆ ಎಂಬ ಸುದ್ದಿ ಬಂದಾಗ, ಈ ಊರಿನ ನಥಾನಿಯಲ್ ಪೇಜ್ ಇದನ್ನು ಹಿಡಿದು ಹೊರಟ ಎಂದು ಅವನ ಮನೆತನದವರು ತಲೆಮಾರುಗಳಿಂದ ಹೇಳಿಕೊಂಡು ಬಂದಿದ್ದಾರೆ. ಅಮೆರಿಕದಲ್ಲಿ ಪೂರ್ತಿಯಾಗಿ ಉಳಿದುಬಂದ ಬಾವುಟಗಳಲ್ಲಿ ಇದೇ ಅತಿ ಹಳೆಯದು ಎಂಬ ಹೆಸರೂ ಇದಕ್ಕಿದೆ. ನಮ್ಮ ಕಣ್ಣಿಗೆ ಅಮೆರಿಕದ ಬಾವುಟ ಎಂದರೆ ನಕ್ಷತ್ರ ಮತ್ತು ಪಟ್ಟೆ. ಇದರಲ್ಲಿ ಒಂದು ನಕ್ಷತ್ರವೂ ಇಲ್ಲ, ಒಂದು ಪಟ್ಟೆಯೂ ಇಲ್ಲ. ಆ ದೇಶ ಹುಟ್ಟುವುದಕ್ಕೆ ಎಷ್ಟೋ ದಶಕ ಮೊದಲೇ ಈ ಬಟ್ಟೆ ಮಗ್ಗದಿಂದ ಇಳಿದಿತ್ತು.

ಇಂಥ ಬಾವುಟಗಳನ್ನು ಹಿಡಿದು ನಡೆದದ್ದು ಮಿಲಿಷಿಯಾ, ಅಂದರೆ ಊರಪಡೆ. ಸಂಬಳದ ಸಿಪಾಯಿಗಳಲ್ಲ, ಒಕ್ಕಲಿಗರು, ಕಮ್ಮಾರರು, ಅಂಗಡಿಯವರು. ವರ್ಷಕ್ಕೆ ಕೆಲವು ದಿನ ಊರ ಮೈದಾನದಲ್ಲಿ ಸೇರಿ ಕವಾಯತು ಮಾಡಿ ಮನೆಗೆ ಮರಳುತ್ತಿದ್ದರು. ಸ್ವಾತಂತ್ರ್ಯ ಬಂದ ಮೇಲೆ 1792ರ ಮೇ ತಿಂಗಳಲ್ಲಿ ಕಾಂಗ್ರೆಸ್ ಒಂದು ಕಾಯಿದೆ ಮಾಡಿತು. 18ರಿಂದ 45 ವರ್ಷದೊಳಗಿನ ದೃಢಕಾಯದ ಪ್ರತಿ ಸ್ವತಂತ್ರ ಬಿಳಿಯ ಗಂಡಸೂ ಊರಪಡೆಗೆ ಸೇರಲೇಬೇಕು, ಬಂದೂಕನ್ನು ಅವನೇ ತರಬೇಕು. ಅದೇ ಕಾಯಿದೆಯಲ್ಲಿ ನನಗೆ ಬಹಳ ಇಷ್ಟವಾದ ಒಂದು ವಿಧಿ ಇದೆ: ರೆಜಿಮೆಂಟಿನ ಬಾವುಟಗಳನ್ನು ಅದರ ಮೇಲಧಿಕಾರಿಗಳೇ ಒದಗಿಸಬೇಕು, ಪ್ರತಿ ಕಂಪನಿಯ ತಮಟೆ ಮತ್ತು ಕೊಳಲನ್ನು ಆ ಕಂಪನಿಯ ಅಧಿಕಾರಿಗಳು ಒದಗಿಸಬೇಕು. ಸರ್ಕಾರ ಬಾವುಟ ಕೊಡಲಿಲ್ಲ, ಮಾದರಿಯನ್ನೂ ಕೊಡಲಿಲ್ಲ. ಹಾಗಾಗಿ ಒಂದು ಊರಿನ ಬಾವುಟ ಇನ್ನೊಂದು ಊರಿನದರಂತೆ ಇರಲಿಲ್ಲ. ಇವು ಇಂದು ಇಷ್ಟು ವಿರಳ, ಇಷ್ಟು ಬೆಲೆಯವು ಆಗಿರುವುದಕ್ಕೆ ಮುಖ್ಯ ಕಾರಣ ಅದೇ.

ಬಾವುಟ ಬೇಕಾದಾಗ ಊರಿನವರು ಹೋಗುತ್ತಿದ್ದದ್ದು ಅಂಗಡಿಗೆ ಫಲಕ ಬರೆಯುವವನ ಬಳಿಗೆ. ಆ ಕಾಲದ ಅಮೆರಿಕದಲ್ಲಿ ಇಂಥ ಅಲಂಕಾರದ ಪೇಂಟರುಗಳು ಪ್ರತಿ ದೊಡ್ಡ ಊರಿನಲ್ಲೂ ಇದ್ದರು. ಹೋಟೆಲಿನ ಫಲಕ, ಸಾರೋಟಿನ ಬಾಗಿಲು, ಗಡಿಯಾರದ ಮುಖ, ಅಗ್ನಿಶಾಮಕರ ಬಕೆಟ್ಟು ಎಲ್ಲವನ್ನೂ ಅದೇ ಕೈ ಬರೆಯುತ್ತಿತ್ತು. ಬಾಸ್ಟನ್ನಿನ ಜಾನ್ ರಿಟ್ಟೊ ಪೆನಿಮನ್ ಇಂಥವನೊಬ್ಬ. ಹೆಸರಾಂತ ವಿಲ್ಲರ್ಡ್ ಗಡಿಯಾರಗಳ ಮುಖಗಳಿಗೆ ಬಣ್ಣ ಹಾಕಿದವನು, ಪಡೆಗಳ ಬಾವುಟ ಬರೆದವನು. ಬಾಸ್ಟನ್ನಿನ ಲಲಿತಕಲಾ ಮ್ಯೂಸಿಯಮ್ಮಿನಲ್ಲಿ ಥಾಮಸ್ ಸೀಮೋರ್ 1809ರಲ್ಲಿ ಮಾಡಿದ ಒಂದು ಅರ್ಧಚಂದ್ರಾಕಾರದ ಮರದ ಪೆಟ್ಟಿಗೆ ಮೇಜಿದೆ. ಅದರ ಮೇಲ್ಮೈಯಲ್ಲಿ ಬರೆದ ಚಿಪ್ಪುಗಳ ಕೆಲಸಕ್ಕೆ ಪೆನಿಮನ್ನನಿಗೆ 10 ಡಾಲರ್ ಕೊಟ್ಟದ್ದು ಬಡಗಿಯ ಬಿಲ್ಲಿನಲ್ಲೇ ಉಳಿದಿದೆ. ಚಿಪ್ಪಿನ ಒಳಮೈ ಹೊಳೆಯುವಂತೆ ಬರೆಯಬಲ್ಲ ಕೈ ರೇಷ್ಮೆಯ ಮೇಲೆ ಹದ್ದಿನ ಗರಿಯನ್ನೂ ಬರೆಯುತ್ತಿತ್ತು ಎಂಬುದನ್ನು ನೆನಪಿಟ್ಟುಕೊಂಡು ಈ ಬಾವುಟಗಳನ್ನು ನೋಡಬೇಕು. ಇದನ್ನು ಜನಪದ ಕಲೆ ಎಂದು ಬದಿಗೆ ಸರಿಸುವವರ ಮಾತು ನನಗೆ ಒಪ್ಪಿಗೆಯಿಲ್ಲ.

ಪೇಂಟರ್ ಒಬ್ಬನ ಕೆಲಸವೂ ಇದಲ್ಲ. ರೇಷ್ಮೆ ಕೊಳ್ಳಲು ಹಣ ಕೂಡಿಸಿ, ಬಟ್ಟೆಯ ಪನ್ನಗಳನ್ನು ಜೋಡಿಸಿ ಹೊಲಿದು, ಅಂಚಿಗೆ ಕುಚ್ಚು ಕಟ್ಟುತ್ತಿದ್ದವರು ಎಷ್ಟೋ ಊರುಗಳಲ್ಲಿ ಹೆಂಗಸರು. ಜುಲೈ 4ರಂದೋ ವಾಷಿಂಗ್ಟನ್ನರ ಹುಟ್ಟುಹಬ್ಬದಂದೋ ಊರು ಸೇರಿದಾಗ ಅವರ ಪರವಾಗಿ ಒಬ್ಬಳು ಮುಂದೆ ಬಂದು ಭಾಷಣ ಮಾಡಿ ಬಾವುಟವನ್ನು ಪಡೆಯ ಕೈಗೆ ಒಪ್ಪಿಸುತ್ತಿದ್ದಳು. ಹೆಣ್ಣಿನ ದನಿ ಸಾರ್ವಜನಿಕವಾಗಿ ಕೇಳಿಸುತ್ತಿದ್ದದ್ದೇ ಅಪರೂಪವಾಗಿದ್ದ ಆ ಕಾಲದಲ್ಲಿ ಇದು ಸಣ್ಣ ಸಂಗತಿಯಲ್ಲ.

ಈಗ ಕೆಲಸವನ್ನೇ ಹತ್ತಿರದಿಂದ ನೋಡೋಣ. ತೆಳು ರೇಷ್ಮೆಯ ಮೇಲೆ ನೇರವಾಗಿ ಎಣ್ಣೆಬಣ್ಣ ಹಚ್ಚಿದರೆ ಎಣ್ಣೆ ಎಳೆಯಿಂದ ಎಳೆಗೆ ಹರಡಿ, ಚಿತ್ರದ ಸುತ್ತ ಜಿಡ್ಡಿನ ಕಲೆ ಕಟ್ಟಿಕೊಳ್ಳುತ್ತದೆ. ಅದಕ್ಕೆ ಮೊದಲು ಬಟ್ಟೆಯನ್ನು ಕಸೂತಿಯವರಂತೆ ಮರದ ಚೌಕಟ್ಟಿಗೆ ಬಿಗಿಯಬೇಕು. ಚಿತ್ರ ಬರುವ ಜಾಗಕ್ಕೆ ಮಾತ್ರ ತಿಳಿ ಅಂಟು ಬಳಿದು ಒಣಗಿಸಬೇಕು. ಅಂಟು ಕಡಿಮೆಯಾದರೆ ಎಣ್ಣೆ ಹರಡುತ್ತದೆ, ಹೆಚ್ಚಾದರೆ ಬಟ್ಟೆ ಹಪ್ಪಳದಂತೆ ಸೆಟೆದುಕೊಳ್ಳುತ್ತದೆ. ಚಿತ್ರದ ಗೆರೆಗಳಿಗೆ ಸೂಜಿಯಿಂದ ತೂತು ಚುಚ್ಚಿದ ಕಾಗದವನ್ನು ಮೇಲಿಟ್ಟು ಪುಡಿ ತಟ್ಟಿದರೆ, ಚುಕ್ಕೆ ಚುಕ್ಕೆಯಾಗಿ ಆಕಾರ ಇಳಿಯುತ್ತದೆ. ಮೈಸೂರು ಶೈಲಿಯ ಚಿತ್ರ ಬರೆಯುವವರಿಗೆ ಪರಿಚಿತವಾದ ಚಿನ್ನದ ರೇಕು ಇಲ್ಲಿಯೂ ಬಂತು: ಪಟ್ಟಿಯ ಅಂಚಿಗೆ, ಅಕ್ಷರಕ್ಕೆ, ನಕ್ಷತ್ರಕ್ಕೆ. ಆಮೇಲೆ ನಿಜವಾದ ಕಷ್ಟ. ಬಾವುಟಕ್ಕೆ ಎರಡು ಮುಖ. ಒಂದು ಕಡೆ ಬರೆದ ಅಕ್ಷರ ಇನ್ನೊಂದು ಕಡೆಯಿಂದ ತಿರುಗುಮುರುಗಾಗಿ ಕಾಣುತ್ತದೆ. ಆದ್ದರಿಂದ ಹಿಂಭಾಗವನ್ನು ಮತ್ತೆ ಬೇರೆಯಾಗಿ ಬರೆಯಬೇಕು, ಮುಂದಿನ ಚಿತ್ರ ಹಿಂದೆ ಇಣುಕದಂತೆ ನೋಡಿಕೊಳ್ಳಬೇಕು. ಕೆಲವರು ಎರಡು ಬಟ್ಟೆಗೆ ಬೇರೆ ಬೇರೆ ಬರೆದು ಬೆನ್ನಿಗೆ ಬೆನ್ನು ಸೇರಿಸಿ ಹೊಲಿದರು. ಇಷ್ಟಾದ ಮೇಲೂ ಅದು ಕೋಲಿನ ತುದಿಯಲ್ಲಿ ಹಗುರವಾಗಿ ಹಾರಬೇಕು.

ರೇಷ್ಮೆಯ ಸ್ವಭಾವ ನಮ್ಮ ಮನೆಗಳಿಗೆ ಹೊಸದಲ್ಲ. ಅಜ್ಜಿಯ ಕಾಲದ ಸೀರೆಯನ್ನು ಪೆಟ್ಟಿಗೆಯಲ್ಲಿ ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಬಿಟ್ಟರೆ, ಒಂದು ದಿನ ಬಿಡಿಸಿದಾಗ ಆ ಗೆರೆಯುದ್ದಕ್ಕೂ ಅದು ಸೀಳಿರುತ್ತದೆ. ಆಗಾಗ ಮಡಿಕೆ ಬದಲಿಸಿ ಇಡಿ ಎಂದು ಹಿರಿಯರು ಹೇಳುತ್ತಿದ್ದದ್ದು ಅದಕ್ಕೇ. ಬಾವುಟದಲ್ಲಿ ಈ ಕಷ್ಟ ಇಮ್ಮಡಿ. ಎಣ್ಣೆಬಣ್ಣ ಒಣಗಿ ಗಟ್ಟಿಯಾಗುತ್ತದೆ, ಸುತ್ತಲಿನ ರೇಷ್ಮೆ ಮೆತ್ತಗೇ ಇರುತ್ತದೆ. ಎರಡೂ ಸೇರುವ ಅಂಚಿನಲ್ಲಿ ಬಟ್ಟೆ ಒಡೆಯುತ್ತದೆ. ಬೆಳಕು ರೇಷ್ಮೆಯ ಎಳೆಯನ್ನೇ ಪುಡಿಮಾಡುತ್ತದೆ. ಆದ್ದರಿಂದ ಎಷ್ಟೋ ಬಾವುಟಗಳಲ್ಲಿ ನಡುವಿನ ಚಿತ್ರ ಮಾತ್ರ ಒಂದು ಬಿಲ್ಲೆಯಂತೆ ಉಳಿದು, ಸುತ್ತಲಿನ ಮೈ ಚಿಂದಿಯಾಗಿದೆ. ಗುಂಡಿನೇಟಿನಿಂದ ಆದ ತೂತು ಎಂದು ಮನೆಯವರು ಹೆಮ್ಮೆಯಿಂದ ತೋರಿಸುವ ಎಷ್ಟೋ ತೂತುಗಳು ಹೀಗೆ ಆದವು.

ಹಳೆಯ ಊರಪಡೆಯ ಬಾವುಟಗಳಲ್ಲಿ ಒಂದನ್ನು ಮಾತ್ರ ಆರಿಸು ಎಂದರೆ ನಾನು ಫಿಲಡೆಲ್ಫಿಯಾದ ಅಶ್ವದಳದ ಬಾವುಟವನ್ನು ಆರಿಸುತ್ತೇನೆ. ಆ ದಳ 1774ರ ನವೆಂಬರಿನಲ್ಲಿ ಊರಿನ ಅನುಕೂಲಸ್ಥರು ಸೇರಿ ಕಟ್ಟಿಕೊಂಡದ್ದು, ಇಂದಿಗೂ ಇದೆ. ಅದರ ಮೊದಲ ಕ್ಯಾಪ್ಟನ್ ಅಬ್ರಹಾಂ ಮಾರ್ಕೋ 1775ರಲ್ಲಿ ಈ ಬಾವುಟ ಮಾಡಿಸಿಕೊಟ್ಟ. ವಿನ್ಯಾಸ ಜಾನ್ ಫಾಲ್ವೆಲ್‌ನದು, ಬಣ್ಣ ಮತ್ತು ಚಿನ್ನದ ಕೆಲಸ ಜೇಮ್ಸ್ ಕ್ಲೇಪೂಲ್‌ನದು. ಇಬ್ಬರ ಬಿಲ್ಲುಗಳೂ ಉಳಿದಿವೆ. ಹಳದಿ ರೇಷ್ಮೆ, ಸುತ್ತ ಬೆಳ್ಳಿಯ ಅಂಚು. ನೋಡಬೇಕಾದದ್ದು ಮೇಲ್ಮೂಲೆಯ ಚೌಕವನ್ನು. ಅಲ್ಲಿ ಮೊದಲು ಬರೆದದ್ದು ಬ್ರಿಟನ್ನಿನ ಯೂನಿಯನ್ ಚಿಹ್ನೆ. ಆಮೇಲೆ ಅದರ ಮೇಲೆಯೇ ನೀಲಿ ಮತ್ತು ಬೆಳ್ಳಿಯ 13 ಪಟ್ಟೆಗಳನ್ನು ಎಳೆದರು, ಒಂದೊಂದು ವಸಾಹತಿಗೆ ಒಂದೊಂದು. ದೇಶಕ್ಕೆ ತನ್ನದೇ ಬಾವುಟ ಗೊತ್ತಾದದ್ದು 1777ರ ಜೂನ್ 14ರಂದು. ಅದಕ್ಕೂ ಮೊದಲೇ, ರಾಜನ ಪ್ರಜೆಗಳಾಗಿಯೇ ಕುದುರೆ ಹತ್ತಿದ ಕೆಲವರು ಮನಸ್ಸು ಬದಲಿಸಿದ ಗಳಿಗೆ ಆ ಕೆಲವು ಇಂಚು ಬಟ್ಟೆಯಲ್ಲಿ ಎರಡು ಪದರ ಬಣ್ಣವಾಗಿ ಕೂತಿದೆ.

ಪೆನ್ಸಿಲ್ವೇನಿಯಾದ ಪಶ್ಚಿಮದ ವೆಸ್ಟ್‌ಮೋರ್‌ಲ್ಯಾಂಡ್ ಕೌಂಟಿಯ ಬಾವುಟದಲ್ಲಿ ಆ ಯೂನಿಯನ್ ಚಿಹ್ನೆಯನ್ನು ಮುಚ್ಚಲಿಲ್ಲ. ಕೆಂಪು ರೇಷ್ಮೆಯ ಮೂಲೆಯಲ್ಲಿ ರಾಜನ ಗುರುತು ಹಾಗೇ ಇದೆ. ನಡುವೆ ಸುರುಳಿ ಸುತ್ತಿದ ಬುಡುಬುಡಿಕೆ ಹಾವು, ಅದರ ಬಾಲದಲ್ಲಿ 13 ಗೆಜ್ಜೆ, ಕೆಳಗೆ ನನ್ನನ್ನು ತುಳಿಯಬೇಡ ಎಂಬ ಎಚ್ಚರಿಕೆ. ರಾಜನಿಗೆ ವಿಧೇಯರು, ಆದರೆ ತುಳಿದರೆ ಕಚ್ಚುತ್ತೇವೆ ಎಂದು 1775ರ ಮನಸ್ಸು ಇದಕ್ಕಿಂತ ಸ್ಪಷ್ಟವಾಗಿ ಹೇಳಿದ ಕಾಗದ ನಾನು ಓದಿಲ್ಲ.

ಇನ್ನೊಂದು ಬಾವುಟದ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಅದು ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಹಿಸ್ಟಾರಿಕಲ್ ಸೊಸೈಟಿಯಲ್ಲಿದೆ. ರೇಷ್ಮೆಯ ಮೇಲೆ ಪೈನ್ ಮರ, ನೆಗೆಯುತ್ತಿರುವ ಗಂಡು ಜಿಂಕೆ, ಪಟ್ಟಿಯ ಮೇಲೆ ಬಕ್ಸ್ ಆಫ್ ಅಮೆರಿಕ ಎಂಬ ಹೆಸರು. ಕ್ರಾಂತಿಯ ಕಾಲದ ಬಾಸ್ಟನ್ನಿನ ಕಪ್ಪು ಜನರ ಪಡೆಯದು ಇದು. ಅವರಿಗೆ ಇದನ್ನು ಕೊಟ್ಟವನು ಜಾನ್ ಹ್ಯಾನ್‌ಕಾಕ್, ಸ್ವಾತಂತ್ರ್ಯ ಘೋಷಣೆಗೆ ಎಲ್ಲರಿಗಿಂತ ದೊಡ್ಡದಾಗಿ ಸಹಿ ಹಾಕಿದ ಅದೇ ಹ್ಯಾನ್‌ಕಾಕ್. ಕಪ್ಪು ಜನರ ಇತಿಹಾಸ ಬರೆದ ವಿಲಿಯಂ ಕೂಪರ್ ನೆಲ್ 1855ರ ತನ್ನ ಪುಸ್ತಕದಲ್ಲಿ ಇದನ್ನು ದಾಖಲಿಸಿದ, ಇದು ಸೊಸೈಟಿಗೆ ತಲುಪಿದ್ದೂ ಅವನಿಂದಲೇ. ಪಡೆಯ ಮುಖ್ಯಸ್ಥ ಜಾರ್ಜ್ ಮಿಡ್ಲ್‌ಟನ್‌ನ ಮರದ ಮನೆ ಬೀಕನ್ ಹಿಲ್‌ನ ಪಿಂಕ್ನಿ ಬೀದಿಯಲ್ಲಿ ಇಂದಿಗೂ ನಿಂತಿದೆ. ಆದರೆ ಆ ಪಡೆಯ ಹಾಜರಿ ಪುಸ್ತಕವಿಲ್ಲ, ಹೆಸರುಗಳ ಪಟ್ಟಿಯಿಲ್ಲ. 1792ರ ಕಾಯಿದೆ ಊರಪಡೆಯ ಬಾಗಿಲನ್ನು ಬಿಳಿಯರಿಗೆ ಮಾತ್ರ ತೆರೆದಿಟ್ಟಿತು. ಈ ಕಪ್ಪು ಜನರು ಸಾಲಾಗಿ ನಿಂತಿದ್ದರು ಎಂಬುದಕ್ಕೆ ಉಳಿದ ಸಾಕ್ಷಿ ಈ ಬಾವುಟ ಮತ್ತು ಒಂದು ಬೆಳ್ಳಿಯ ಪದಕ. ಒಂದು ತುಂಡು ರೇಷ್ಮೆಯನ್ನು ಯಾಕೆ ಇಷ್ಟು ಜೋಪಾನ ಮಾಡಬೇಕು ಎಂದು ಕೇಳಿದವರಿಗೆ ನಾನು ಇದನ್ನು ತೋರಿಸುತ್ತೇನೆ.

ಹಳೆಯ ಬಾವುಟಗಳ ಲೋಕದಲ್ಲಿ ಒಂದು ವಿಚಿತ್ರವಿದೆ: ಚೆನ್ನಾಗಿ ಉಳಿದವುಗಳಲ್ಲಿ ಹಲವು ಶತ್ರುವಿನ ಮನೆಯಲ್ಲಿ ಇದ್ದವು. ಊರಲ್ಲಿ ಉಳಿದದ್ದನ್ನು ಮೆರವಣಿಗೆಗೆ ಹಿಡಿದರು, ಮಳೆಯಲ್ಲಿ ನೆನೆಸಿದರು, ನೆನಪಿಗೆಂದು ಚೂರು ಕತ್ತರಿಸಿ ಹಂಚಿದರು. ಗೆದ್ದವನು ಮಾತ್ರ ಗೆದ್ದ ವಸ್ತುವನ್ನು ಪೆಟ್ಟಿಗೆಯಲ್ಲಿ ಭದ್ರವಾಗಿಟ್ಟ. ಬ್ರಿಟಿಷ್ ಅಶ್ವದಳದ ಬನಾಸ್ಟರ್ ಟಾರ್ಲ್‌ಟನ್ 1779ರ ಜುಲೈಯಲ್ಲಿ ನ್ಯೂಯಾರ್ಕಿನ ಪೌಂಡ್ ರಿಜ್‌ನಲ್ಲಿ ಒಂದು ಬಾವುಟ, 1780ರ ಮೇ ತಿಂಗಳಲ್ಲಿ ದಕ್ಷಿಣ ಕೆರೊಲಿನಾದ ವಾಕ್ಸ್‌ಹಾಸ್‌ನಲ್ಲಿ ಮೂರು ಬಾವುಟ ಕಸಿದುಕೊಂಡು ಇಂಗ್ಲೆಂಡಿಗೆ ಒಯ್ದ. ಇವು ಊರಪಡೆಯವಲ್ಲ, ವಾಷಿಂಗ್ಟನ್ನರ ಖಾಯಂ ಸೇನೆಯವು. ಆದರೆ ಅದೇ ಕಾಲದ, ಅದೇ ಬಗೆಯ ಕೆಲಸ: ಒಂದರ ಮೇಲೆ ತಾಳೆಯ ಜಾತಿಯ ಮರವನ್ನು ಕಡಿಯುತ್ತಿರುವ ಬೀವರ್ ಪ್ರಾಣಿಯ ಚಿತ್ರ, ಬಿಡದೆ ದುಡಿ ಎಂಬರ್ಥದ ಲ್ಯಾಟಿನ್ ಪದ. ಸುಮಾರು 225 ವರ್ಷ ಅವನ ಮನೆತನದವರ ಬಳಿ ಇದ್ದು, 2006ರ ಜೂನ್ 14ರಂದು ನ್ಯೂಯಾರ್ಕಿನ ಸೋದ್‌ಬೀಸ್ ಹರಾಜಿನಲ್ಲಿ ನಾಲ್ಕೂ ಸೇರಿ 1 ಕೋಟಿ 74 ಲಕ್ಷ ಡಾಲರಿಗೆ ಹೋದವು. ಪೌಂಡ್ ರಿಜ್‌ನದೊಂದಕ್ಕೇ 1 ಕೋಟಿ 23 ಲಕ್ಷಕ್ಕೂ ಮಿಕ್ಕಿ ಬಂತು.

ಬಾವುಟ ಕಳೆದುಕೊಳ್ಳುವುದು ಎಂಥ ಅವಮಾನ ಎಂಬುದನ್ನು ನಮ್ಮ ನೆಲಕ್ಕೂ ಪರಿಚಿತನಾದ ಒಬ್ಬನಿಂದ ತಿಳಿಯಬಹುದು. 1780ರಲ್ಲಿ ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್ ನಗರ ಬಿದ್ದಾಗ ಬ್ರಿಟಿಷರು ಸೋತ ಅಮೆರಿಕನ್ನರಿಗೆ ಬಾವುಟ ಬಿಚ್ಚಿ ಹಿಡಿದು ಹೊರಬರಲು ಬಿಡಲಿಲ್ಲ. ಗವಸು ಹಾಕಿ ತರಿಸಿದರು. ಮರುವರ್ಷ ಅಕ್ಟೋಬರ್ 19ರಂದು ಯಾರ್ಕ್‌ಟೌನ್‌ನಲ್ಲಿ ಲಾರ್ಡ್ ಕಾರ್ನ್‌ವಾಲಿಸ್ ಶರಣಾದಾಗ ಅಮೆರಿಕನ್ನರು ಅದೇ ಷರತ್ತನ್ನು ಹಾಕಿ ತೀರಿಸಿಕೊಂಡರು. ಮೈಯಲ್ಲಿ ಹುಷಾರಿಲ್ಲವೆಂದು ಕಾರ್ನ್‌ವಾಲಿಸ್ ಹೊರಗೇ ಬರಲಿಲ್ಲ, ತನ್ನ ಕೈಕೆಳಗಿನವನನ್ನು ಕಳಿಸಿದ. ಹತ್ತು ವರ್ಷ ತುಂಬಿದ ಮೇಲೆ, 1792ರಲ್ಲಿ, ಶ್ರೀರಂಗಪಟ್ಟಣದ ಕೋಟೆಯ ಮುಂದೆ ನಿಂತು ಟಿಪ್ಪುವಿನ ಮೇಲೆ ಒಪ್ಪಂದ ಹೇರಿದವನು ಇದೇ ಕಾರ್ನ್‌ವಾಲಿಸ್.

ಇಷ್ಟು ಬೆಲೆ ಬಂದ ಮೇಲೆ ಸುಳ್ಳು ಬಾವುಟಗಳೂ ಬರುತ್ತವೆ. ಮೋಸಕ್ಕಿಂತ ಹೆಚ್ಚಾಗಿ, ಪ್ರೀತಿಯಿಂದ ತಪ್ಪು ಹೇಳಿದ ಕಥೆಗಳು. ವರ್ಮಾಂಟಿನ ಬೆನಿಂಗ್ಟನ್ ಮ್ಯೂಸಿಯಮ್ಮಿನಲ್ಲಿ 76 ಎಂಬ ದೊಡ್ಡ ಅಂಕಿಯ ಒಂದು ಪ್ರಸಿದ್ಧ ಬಾವುಟವಿದೆ. 1777ರ ಆಗಸ್ಟಿನ ಬೆನಿಂಗ್ಟನ್ ಕಾಳಗದಲ್ಲಿ ಹಾರಿದ್ದು ಎಂದು ಫಿಲ್‌ಮೋರ್ ಮನೆತನ ನಂಬಿತ್ತು. ಬಟ್ಟೆಯನ್ನೂ ದಾರವನ್ನೂ ಪರೀಕ್ಷಿಸಿದವರು ಅದು 19ನೆಯ ಶತಮಾನದ ಹತ್ತಿ ಎಂದರು. ಅದೇ ಮ್ಯೂಸಿಯಮ್ಮಿನಲ್ಲಿ ಜನರಲ್ ಜಾನ್ ಸ್ಟಾರ್ಕ್‌ನ ಮನೆಯಿಂದ ಬಂದ ಹಸಿರು ರೇಷ್ಮೆಯ ಚಿಂದಿಯೊಂದಿದೆ, ಮೂಲೆಯಲ್ಲಿ ನೀಲಿಯ ಮೇಲೆ ಬರೆದ ನಕ್ಷತ್ರಗಳು. ಗ್ರೀನ್ ಮೌಂಟನ್ ಬಾಯ್ಸ್ ಎಂಬ ಊರಪಡೆಯ ಬಾವುಟದಲ್ಲಿ ಉಳಿದದ್ದು ಅಷ್ಟೇ. ಇಡಿಯಾದ ದೊಡ್ಡದರ ಮುಂದೆ ಜನ ನಿಲ್ಲುತ್ತಾರೆ. ನಾನಾದರೆ ಆ ಚಿಂದಿಯ ಮುಂದೆ ನಿಲ್ಲುತ್ತೇನೆ.

ಈ ಬಗೆಯ ಓದನ್ನು ಶಿಸ್ತಾಗಿ ಕಟ್ಟಿದವರಲ್ಲಿ ಸ್ಮಿತ್‌ಸೋನಿಯನ್ ಸಂಸ್ಥೆಯ ಗ್ರೇಸ್ ರಾಜರ್ಸ್ ಕೂಪರ್ ಮುಖ್ಯರು. 13 ನಕ್ಷತ್ರದ ಬಾವುಟಗಳನ್ನು ಗುರುತಿಸುವ ಬಗೆಯ ಮೇಲೆ ಅವರ ಪುಸ್ತಕ 1973ರಲ್ಲಿ ಬಂತು. ನಕ್ಷತ್ರ ಎಣಿಸಿ ಕಾಲ ಹೇಳಬೇಡಿ, ದಾರ ನೋಡಿ ಎಂಬುದು ಆ ಓದಿನ ತಿರುಳು. 13 ನಕ್ಷತ್ರದ ಬಾವುಟಗಳನ್ನು 1876ರ ಶತಮಾನೋತ್ಸವದಲ್ಲಿಯೂ ಮಾಡಿದರು, ಆಮೇಲೆಯೂ ಮಾಡಿದರು. ಹೊಲಿಗೆ ಯಂತ್ರದ ಟಾಕು ಕಂಡರೆ ಅದು 1850ರ ದಶಕಕ್ಕಿಂತ ಹಳೆಯದಲ್ಲ. ಬಣ್ಣ ಕಲ್ಲಿದ್ದಲ ಟಾರಿನಿಂದ ತೆಗೆದದ್ದಾದರೆ 1856ರ ನಂತರದ್ದು. ಬಿಳಿಯಲ್ಲಿ ಟೈಟಾನಿಯಂ ಸಿಕ್ಕರೆ 20ನೆಯ ಶತಮಾನದ ಕೈವಾಡ. ಕತ್ತಲೆಯಲ್ಲಿ ಅತಿನೇರಳೆ ದೀಪ ಹಿಡಿದಾಗ ದಾರ ನೀಲಿಯಾಗಿ ಹೊಳೆದರೆ ಅದು ಈಗಿನ ಸೋಪಿನ ಪುಡಿಯನ್ನು ಕಂಡ ದಾರ. ಬೆಡ್‌ಫರ್ಡ್ ಬಾವುಟಕ್ಕೂ ಈ ಪರೀಕ್ಷೆ ಆಯಿತು. 1659ರಲ್ಲಿ ಕಟ್ಟಿದ ಒಂದು ಅಶ್ವದಳದ್ದು ಅದು ಎಂದು ಹಿಂದೆ ಹೇಳುತ್ತಿದ್ದರು. ಬಣ್ಣದಲ್ಲಿ ಪ್ರಷ್ಯನ್ ನೀಲಿ ಸಿಕ್ಕಿತು. ಬರ್ಲಿನ್ನಿನಲ್ಲಿ ಆ ನೀಲಿ ಹುಟ್ಟಿದ್ದೇ 18ನೆಯ ಶತಮಾನದ ಆರಂಭದಲ್ಲಿ. ಬಾವುಟದ ವಯಸ್ಸು ಸುಮಾರು ಅರ್ಧ ಶತಮಾನ ಇಳಿಯಿತು, ಆದರೂ ಅತಿ ಹಳೆಯದೆಂಬ ಹೆಸರು ಹೋಗಲಿಲ್ಲ.

ಸಂಗ್ರಹಕ್ಕೆ ಹೊಸದಾಗಿ ಬರುವವರು ಇನ್ನೊಂದು ಕಡೆ ಎಡವುತ್ತಾರೆ. ನಕ್ಷತ್ರ, ಪಟ್ಟೆ ಇಲ್ಲದ ನೀಲಿ ರೇಷ್ಮೆಯ ಹದ್ದನ್ನು ಕಂಡು ಇದು ರಾಷ್ಟ್ರದ ಬಾವುಟವಲ್ಲ ಎಂದು ಬಿಟ್ಟುಬಿಡುತ್ತಾರೆ. ಅಮೆರಿಕದ ಕಾಲ್ದಳ ನಕ್ಷತ್ರ ಪಟ್ಟೆಯ ಬಾವುಟ ಹಿಡಿಯಲು ಶುರುಮಾಡಿದ್ದೇ 1841ರಲ್ಲಿ. ಅಲ್ಲಿಯವರೆಗೆ ನೀಲಿಯ ಮೇಲಿನ ಹದ್ದೇ ಅವರ ರಾಷ್ಟ್ರಧ್ವಜ, ಹಲವು ಊರಪಡೆಗಳೂ ಅದನ್ನೇ ನೋಡಿ ಬರೆಸಿದವು.

ಕೊಂಡದ್ದನ್ನು ಹೇಗೆ ಇಟ್ಟುಕೊಳ್ಳಬೇಕು ಎಂಬುದು ಕೊಳ್ಳುವುದಕ್ಕಿಂತ ದೊಡ್ಡ ವಿದ್ಯೆ. 1914ರಲ್ಲಿ ಅಮೀಲಿಯಾ ಫೌಲರ್ ಎಂಬ ಕಸೂತಿ ನಿಪುಣೆ, ಅಮೆರಿಕದ ರಾಷ್ಟ್ರಗೀತೆಗೆ ಕಾರಣವಾದ ಬಾಲ್ಟಿಮೋರಿನ ಮಹಾಬಾವುಟವನ್ನು ಲಿನನ್ ಅಸ್ತರಿಗೆ ಹೊಲಿದು ಉಳಿಸಿದಳು. ಬಟ್ಟೆಯ ಮೇಲೆಲ್ಲ ಬಲೆಯಂತೆ ಹರಡುವ ಹೊಲಿಗೆ ಅದು. ಅವಳ ಕಾಲಕ್ಕೆ ಅದಕ್ಕಿಂತ ಒಳ್ಳೆಯ ದಾರಿ ಇರಲಿಲ್ಲ. 1999ರಲ್ಲಿ ಅದೇ ಬಾವುಟದಿಂದ ಸುಮಾರು 17 ಲಕ್ಷ ಹೊಲಿಗೆಗಳನ್ನು ಒಂದೊಂದಾಗಿ ಕತ್ತರಿಸಿ ತೆಗೆದರು. ಹಾಕಿದವಳ ತಾಳ್ಮೆ, ತೆಗೆದವರ ತಾಳ್ಮೆ, ಎರಡೂ ನನ್ನ ಪಾಲಿಗೆ ಒಂದೇ ಎತ್ತರದವು. ಈಗಿನ ರೂಢಿ ಸರಳ: ಒಗೆಯಬಾರದು, ಇಸ್ತ್ರಿ ಮಾಡಬಾರದು, ತೂಗುಹಾಕಬಾರದು. ಬಣ್ಣ ಬರೆದದ್ದನ್ನು ಸುತ್ತಲೂ ಬಾರದು. ಮೆತ್ತೆಯ ಮೇಲೆ ಅಂಗಾತ ಮಲಗಿಸಬೇಕು, ಬೆಳಕನ್ನು 50 ಲಕ್ಸ್‌ಗಿಂತ ಏರಲು ಬಿಡಬಾರದು. ಕೊಳೆ, ಬೆವರಿನ ಕಲೆ, ಹಳೆಯ ತೇಪೆ ಎಲ್ಲವೂ ಅದರ ಚರಿತ್ರೆಯೇ. ಚಂದ ಕಾಣಲೆಂದು ಹೊಸ ಬಣ್ಣ ತುಂಬಿಸುವವರು ಸಂಗ್ರಹಕಾರರಲ್ಲ.

ಬಾಸ್ಟನ್ ಸುತ್ತಮುತ್ತ ಕನ್ನಡಿಗರ ಮನೆಗಳು ಬಹಳಷ್ಟಿವೆ. ಅಲ್ಲಿರುವವರು, ಮಕ್ಕಳ ಮನೆಗೆಂದು ಬೇಸಿಗೆಯಲ್ಲಿ ಹೋಗುವ ತಂದೆತಾಯಿಗಳು, ಒಂದು ದಿನ ಬೆಡ್‌ಫರ್ಡ್‌ನ ಗ್ರಂಥಾಲಯಕ್ಕೆ ಹೋಗಿಬನ್ನಿ. ಬೆಳಕು ಮಂದವಾಗಿರುತ್ತದೆ, ಕಣ್ಣು ಹೊಂದಿಕೊಳ್ಳುವವರೆಗೆ ಕಾಯಿರಿ. ತೋಳನ್ನೂ ಕತ್ತಿಯನ್ನೂ ನೋಡಿದ ಮೇಲೆ ಬಾವುಟದ ಅಂಚನ್ನು ನೋಡಲು ಮರೆಯಬೇಡಿ. ಅಲ್ಲಿ ಹಿಂದೆ ಬೆಳ್ಳಿಯ ಕುಚ್ಚಿನ ಅಂಚಿತ್ತು. ಪೇಜ್ ಮನೆತನದ ಹುಡುಗಿಯೊಬ್ಬಳು ಒಂದು ಸೇನಾ ನೃತ್ಯಕೂಟಕ್ಕೆ ಹೋಗುವಾಗ ಅದನ್ನು ಬಿಚ್ಚಿ ತನ್ನ ಉಡುಪಿಗೆ ಹೊಲಿದುಕೊಂಡಳಂತೆ, ಮುದುಕಿಯಾದ ಮೇಲೆ ಅದಕ್ಕಾಗಿ ಬಹಳ ನೊಂದುಕೊಂಡಳಂತೆ. ಆ ಬೆಳ್ಳಿಯ ಅಂಚು ಮತ್ತೆ ಸಿಗಲಿಲ್ಲ.